ಗೋಪುರ ನಿಂತ ನೆಲಕ್ಕೆ ವರ್ಷದ ಬಾಡಿಗೆ ಏಕಿಲ್ಲ?

ದಾವಣಗೆರೆಯಿಂದ ಹರಿಹರದ ಕಡೆಗೆ ಹೊರಟರೆ ಭದ್ರಾ ನಾಲೆಯ ಗದ್ದೆಗಳಲ್ಲಿ ನಿಂತ ಉಕ್ಕಿನ ಗೋಪುರಗಳು ಕಣ್ಣಿಗೆ ಬೀಳುತ್ತವೆ. ಹರಿಹರ ತಾಲ್ಲೂಕಿನ ಗುತ್ತೂರಿನಲ್ಲಿ 400 ಕಿಲೋವೋಲ್ಟ್ ವಿದ್ಯುತ್ ಸ್ವೀಕರಣಾ ಕೇಂದ್ರವಿದೆ. ಕೇಂದ್ರವು ರಾಜ್ಯದ ವಿದ್ಯುತ್ ಪ್ರಸರಣ ನಿಗಮದ್ದು. ಕೈಗಾದ ಅಣುವಿದ್ಯುತ್ತನ್ನು ಘಟ್ಟ ಹತ್ತಿಸಿ ಅಲ್ಲಿಗೆ ತರುವ ಮಾರ್ಗ ಕೇಂದ್ರ ಸರ್ಕಾರದ ಒಡೆತನದ ಪವರ್ ಗ್ರಿಡ್ ಕಾರ್ಪೊರೇಷನ್ನಿನದು.

1989ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಸಾಧನೆಯನ್ನು ಅಲ್ಲಗಳೆಯುವವನು ನಾನಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿದಾಗ ನಮ್ಮ ದಕ್ಷಿಣ ಜಾಲ ಪಾರಾಯಿತು. ಆಗಿನ್ನೂ ಅದು ಉಳಿದ ದೇಶದೊಡನೆ ಒಂದೇ ಆವರ್ತನದಲ್ಲಿ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಆ ಬೆಸುಗೆಯನ್ನು ಹಾಕಿತು. ಜಾಲದ ದಿನನಿತ್ಯದ ನಿಯಂತ್ರಣ ಈಗ ಗ್ರಿಡ್ ಇಂಡಿಯಾ ಎಂಬ ಬೇರೆಯೇ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. ತಂತಿ, ಗೋಪುರಗಳು ಮಾತ್ರ ಪವರ್ ಗ್ರಿಡ್‌ನಂತಹ ಕಂಪನಿಗಳವು. ನನ್ನ ತಕರಾರು ಆ ಗೋಪುರದ ಕೆಳಗಿನ ನೆಲದ ಬಗ್ಗೆ.

ಟೆಲಿಗ್ರಾಫ್ ಕಂಬಗಳಿಗೆಂದು 1885ರ ಕಾಯ್ದೆ ಕೊಟ್ಟಿದ್ದ ಅಧಿಕಾರವನ್ನು ವಿದ್ಯುತ್ ಮಾರ್ಗಗಳಿಗೂ ವಹಿಸಲು 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ಅವಕಾಶ ಮಾಡಿಕೊಟ್ಟಿತು. ಇದು ಭೂಸ್ವಾಧೀನವಲ್ಲ. ಪಹಣಿ ರೈತನ ಹೆಸರಿನಲ್ಲೇ ಉಳಿಯುತ್ತದೆ, ಕಂದಾಯವನ್ನೂ ಅವನೇ ಕಟ್ಟುತ್ತಾನೆ. ಬಳಕೆಯ ಹಕ್ಕು ಮಾತ್ರ ಕಂಪನಿಗೆ ಹೋಗುತ್ತದೆ. 400 ಕಿಲೋವೋಲ್ಟ್ ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ಬೇಕು. ಹೊಲವೊಂದನ್ನು ನೂರು ಮೀಟರ್ ಹಾಯ್ದರೆ ಸುಮಾರು ಒಂದು ಎಕರೆ ಐದು ಗುಂಟೆ ತಂತಿಯ ನೆರಳಿಗೆ ಬಿತ್ತು. ಅಲ್ಲಿ ಭತ್ತ ಬೆಳೆಯಬಹುದು, ನಿಜ. ಆದರೆ ಈ ಸೀಮೆಯಲ್ಲಿ ಭತ್ತದಿಂದ ಅಡಿಕೆಗೆ ಹೊರಳುವುದೇ ರೈತನ ಬದುಕು ಮೇಲೇಳುವ ದಾರಿಯಾಗಿದೆ (ಅದರಿಂದ ನಾಲೆಯ ನೀರಿಗೇನು ಗತಿ ಎಂಬ ಚರ್ಚೆ ಬೇರೆ). ತಂತಿಯ ಕೆಳಗೆ ಅಡಿಕೆ, ತೆಂಗು ಎರಡೂ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಇಂದಿನ ಬೆಳೆಯ ನಷ್ಟವನ್ನು ಲೆಕ್ಕ ಹಾಕಬಹುದು. ನಾಳೆ ಬೇರೇನಾದರೂ ಮಾಡುವ ಆಯ್ಕೆಯೇ ಕಳೆದುಹೋದುದಕ್ಕೆ ಯಾವ ಲೆಕ್ಕ?

ಕಂದಾಯ ಇಲಾಖೆಯಲ್ಲಿದ್ದಾಗ ಪರಿಹಾರದ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಮರವೆಷ್ಟು, ಅದರ ವಯಸ್ಸೆಷ್ಟು, ಫಸಲೆಷ್ಟು ಎಂದು ಎಣಿಸಿ, ಹಣ ಸಂದಾಯವಾದೊಡನೆ ಕಡತ ಮುಕ್ತಾಯ. ಹತ್ತಾರು ವರ್ಷಗಳ ಅನಂತರ ಅಂತಹ ಒಂದು ಹೊಲದ ಮಗ ಪಾಲುಪಟ್ಟಿ ಹಿಡಿದುಕೊಂಡು ನನ್ನ ಕಚೇರಿಗೆ ಬಂದ. "ರೊಕ್ಕ ಅಪ್ಪನ ಕಾಲಕ್ಕ ಅಕ್ಕನ ಮದುವಿಗೆ ಹೋತು, ಕಂಬ ನನ್ನ ಪಾಲಿಗೆ ಬಂತು ನೋಡ್ರಿ ಸಾಹೇಬ್ರ," ಎಂದ. ನ್ಯಾಯವಾಗಿ ನಾನು ಮಾಡಬಹುದಾದ್ದು ಏನೂ ಇರಲಿಲ್ಲ. ಎಂ.ಎ. ತರಗತಿಯಲ್ಲಿ ಓದಿದ್ದ ಅರ್ಥಶಾಸ್ತ್ರಕ್ಕಿಂತ ಆತನ ಆ ಒಂದು ಮಾತು ನನಗೆ ಹೆಚ್ಚು ಕಲಿಸಿತು.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2015ರ ಮಾರ್ಗಸೂಚಿ ಗೋಪುರದ ಬುಡಕ್ಕೆ ಭೂಮೌಲ್ಯದ ಶೇ 85ನ್ನು, ತಂತಿಯ ಪಟ್ಟಿಗೆ ಗರಿಷ್ಠ ಶೇ 15ನ್ನು ಹೇಳಿತು. 2024ರ ಜೂನ್‌ನಲ್ಲಿ ಅದು ಪರಿಷ್ಕೃತವಾಗಿ ಬುಡಕ್ಕೆ ಶೇ 200, ಗ್ರಾಮಾಂತರ ಪಟ್ಟಿಗೆ ಶೇ 30 ಆಯಿತು. ಸ್ವಾಗತಾರ್ಹವೇ. ಆದರೂ ಅದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಣ. ಅತ್ತ, ವೆಚ್ಚ ಆಧರಿಸಿ ದರ ಗೊತ್ತುಪಡಿಸಿದ ಈಗಿನ ಮಾರ್ಗಗಳಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ಷೇರು ಬಂಡವಾಳದ ಮೇಲೆ ಶೇ 15.5ರ ಪ್ರತಿಫಲವನ್ನು ವರ್ಷವರ್ಷವೂ ಒಪ್ಪುತ್ತದೆ. ಮಾರ್ಗದ ಆಯುಷ್ಯ 35 ವರ್ಷವೆಂದು ಗಣನೆ. ಉಕ್ಕು ಹಾಕಿದವನ ಬಂಡವಾಳಕ್ಕೆ ವಾರ್ಷಿಕ ಆದಾಯ, ನೆಲ ಕೊಟ್ಟವನ ಬಂಡವಾಳಕ್ಕೆ ಒಂದೇ ಕಂತು. ಇದು ಯಾವ ಸೀಮೆಯ ಪಾಲುದಾರಿಕೆ?

ವಾರ್ಷಿಕ ಬಾಡಿಗೆ ಆಗದ ಮಾತು ಎನ್ನುವವರು ಪಾವಗಡಕ್ಕೆ ಹೋಗಿ ಬರಲಿ. ಅಲ್ಲಿನ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ಜಮೀನನ್ನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಗುತ್ತಿಗೆಗೆ ಪಡೆದರು. ಪಟ್ಟಣದಲ್ಲಿ ಮಾಳಿಗೆಯ ಮೇಲೆ ಮೊಬೈಲ್ ಗೋಪುರ ನಿಂತರೂ ಮನೆಯ ಮಾಲೀಕನಿಗೆ ಬಾಡಿಗೆ ಬರುತ್ತದೆ.

ವಿದ್ಯುತ್ ದರ ಏರುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಸ್ವಲ್ಪ ಏರಲಿ. ಅಂತರರಾಜ್ಯ ಮಾರ್ಗಗಳ ಶುಲ್ಕವನ್ನು ದೇಶದ ಎಲ್ಲ ಬಳಕೆದಾರ ಕಂಪನಿಗಳು ಹಂಚಿಕೊಳ್ಳುತ್ತವೆ. ಹಾಗೆ ಹಂಚಿಕೊಳ್ಳಬಹುದಾದ ಭಾರವನ್ನು ಈಗ ಹರಿಹರದ ಒಬ್ಬ ರೈತ ಒಂಟಿಯಾಗಿ ಹೊರುತ್ತಿದ್ದಾನೆ. ಮಾರ್ಗವನ್ನು ಪಹಣಿಯಲ್ಲಿ ನಮೂದಿಸಿ, ಬಾಡಿಗೆಯು ಆಯಾ ಕಾಲದ ಖಾತೆದಾರನಿಗೆ ನೇರವಾಗಿ ಜಮೆಯಾಗುವಂತೆ ಮಾಡಿದರೆ, ಪಾಲಾದರೂ ಮಾರಾಟವಾದರೂ ಹಣ ನೆಲದ ಹಿಂದೆಯೇ ಹೋಗುತ್ತದೆ. ಟೆಂಡರ್ ಮೂಲಕ ಮಾರ್ಗ ಕಟ್ಟುವ ಖಾಸಗಿಯವರಿಗೂ ಇದೇ ನಿಯಮ ಇರಲಿ. ಮತ್ತು ಅದು ಹೊಸ ಮಾರ್ಗಗಳಿಗಷ್ಟೇ ಸೀಮಿತವಾಗಬಾರದು. 2015ಕ್ಕೆ ಮುಂಚೆ ಬೆಳೆ ಮತ್ತು ಮರದ ನಷ್ಟ ಬಿಟ್ಟರೆ ನೆಲಕ್ಕೆಂದು ಹಣ ಕೊಡುವ ರೂಢಿ ಸಾಮಾನ್ಯವಾಗಿ ಇರಲಿಲ್ಲ. ಆ ಕಾಲದ ಗೋಪುರಗಳು ಇಂದಿಗೂ ಗದ್ದೆಗಳಲ್ಲಿ ನಿಂತಿವೆ. ಬಾಡಿಗೆಯ ಮೊದಲ ಪಟ್ಟಿ ಅವುಗಳಿಂದಲೇ ತಯಾರಾಗಲಿ.