ಜರ್ಮನಿಯ ಮತಗಣನೆಯೂ ಮುಂಬಯಿಯ ನೆನಪೂ

ಜರ್ಮನಿಯಲ್ಲಿ ‘ಜರ್ಮನಿಗಾಗಿ ಪರ್ಯಾಯ’ ಎಂಬ ಉಗ್ರ ಬಲಪಂಥೀಯ ಪಕ್ಷವೊಂದು 2013ರಲ್ಲಿ ಹುಟ್ಟಿತು. ಆ ವರ್ಷದ ಚುನಾವಣೆಯಲ್ಲಿ ಶೇಕಡಾ 4.7 ಮತಗಳನ್ನಷ್ಟೇ ಗಳಿಸಿ, ಲೋಕಸಭೆಯ ಹೊಸ್ತಿಲನ್ನೂ ದಾಟಲಾರದೆ ಹೋಯಿತು. 2025ರ ಫೆಬ್ರವರಿಯಲ್ಲಿ ಅದಕ್ಕೆ ದೊರೆತುದು ಶೇಕಡಾ 20.8. ಅದೇ ಏಪ್ರಿಲಿನ ಜನಾಭಿಪ್ರಾಯ ಗಣನೆಯೊಂದರಲ್ಲಿ ಅದು ಮೊದಲ ಬಾರಿಗೆ ಎಲ್ಲ ಪಕ್ಷಗಳನ್ನೂ ಹಿಂದೆ ಹಾಕಿತು. ಹೊರಗಿನಿಂದ ಬಂದವರ ಮೇಲಿನ ಅಸಮಾಧಾನವೇ ಅದರ ಮುಖ್ಯ ಬಂಡವಾಳ. ವಟ್ವಾದಲ್ಲಿ ದೋಸೆ ಹುಯ್ಯುವವರಿಗೂ ಕಾರಖಾನೆಯ ಲೆಕ್ಕ ಬರೆಯುವವರಿಗೂ ಜರ್ಮನಿಯ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಮುಂಬಯಿಯಲ್ಲಿ ದುಡಿದು ಬಂದ ಹಿರಿಯರು ಹಾಗೆ ಕೇಳಲಾರರು.

1960ರಲ್ಲಿ ಬಾಳ ಠಾಕರೆಯವರು ಆರಂಭಿಸಿದ ‘ಮಾರ್ಮಿಕ’ ವಾರಪತ್ರಿಕೆಯು ಮುಂಬಯಿಯ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚುಹಾಕತೊಡಗಿತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಓದಿದ ಮರಾಠಿ ತರುಣರಿಗೆ ಉದ್ಯೋಗ ಸಾಲದೆಂಬ ದೂರು ಸುಳ್ಳಾಗಿರಲಿಲ್ಲ. ಅದನ್ನು ನಾವು ಒಪ್ಪಿಯೇ ಮಾತನಾಡಬೇಕು. ಆದರೆ ಕಲ್ಲು ಬಿದ್ದುದು ಗಿರಣಿ ಮಾಲೀಕರ ಬಂಗಲೆಗಲ್ಲ, ಉಡುಪಿ ಹೋಟೆಲುಗಳ ಗಾಜಿಗೆ. ಬಂಗಲೆಗೆ ಗೇಟೂ ಕಾವಲೂ ಇರುತ್ತವೆ. ಹೋಟೆಲಿನ ಬಾಗಿಲಾದರೋ ಬೆಳಗಿನ ಐದು ಗಂಟೆಯಿಂದ ಬೀದಿಗೆ ತೆರೆದೇ ಇರಬೇಕು.

ಇಂಥ ಪಕ್ಷ ತನ್ನ ಕಾಲ ಮೇಲೆ ತಾನೇ ಬೆಳೆಯಿತೆಂದು ತಿಳಿಯುವುದು ತಪ್ಪು. 1967ರ ಲೋಕಸಭಾ ಚುನಾವಣೆಯಲ್ಲಿ ಕೇರಳದ ವಿ. ಕೆ. ಕೃಷ್ಣ ಮೆನನ್ನರನ್ನು ಸೋಲಿಸುವುದಕ್ಕೆ ಸೇನೆಯು ಕಾಂಗ್ರೆಸಿನ ಎಸ್. ಜಿ. ಬರ್ವೆಯವರ ಪರವಾಗಿ ದುಡಿಯಿತು, ಮೆನನ್ನರು ಸೋತರು. ಗಿರಣಿಗಳಲ್ಲಿ ಬಲವಾಗಿದ್ದ ಕಮ್ಯುನಿಸ್ಟರನ್ನು ಅಡಗಿಸಲು ಸೇನೆ ಉಪಯೋಗಕ್ಕೆ ಬರುವುದೆಂದು ಆಳುವವರಲ್ಲಿ ಹಲವರು ಕಣ್ಣು ಮುಚ್ಚಿಕೊಂಡರು. ಮುಖ್ಯಮಂತ್ರಿ ವಸಂತರಾವ್ ನಾಯಕರ ಹೆಸರು ಸೇರಿಸಿ ವಿರೋಧಿಗಳು ಅದನ್ನು ‘ವಸಂತಸೇನೆ’ ಎಂದು ಹಾಸ್ಯ ಮಾಡಿದ್ದು ಸುಮ್ಮನೆ ಅಲ್ಲ. 1968ರಲ್ಲಿ ಮುಂಬಯಿ ನಗರಸಭೆಯ 140 ಸ್ಥಾನಗಳಲ್ಲಿ 42 ಸೇನೆಯ ಪಾಲಾದವು. ಮರುವರ್ಷ ಫೆಬ್ರವರಿಯಲ್ಲಿ, ಬೆಳಗಾವಿ ಗಡಿಯ ಹೆಸರಿನಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನೇ ತಡೆಯಹೊರಟ ಸೇನೆಯಿಂದ ನಗರ ದಿನಗಟ್ಟಲೆ ಉರಿಯಿತು. ಸಾಕಿದ ಸರಕಾರವೇ ಠಾಕರೆಯವರನ್ನು ಸೆರೆಮನೆಗೆ ಕಳುಹಿಸಬೇಕಾಯಿತು.

ಜರ್ಮನಿಯ ಪ್ರಮುಖ ಪಕ್ಷಗಳು ಬಹುಕಾಲ ಈ ಹೊಸ ಪಕ್ಷದೊಡನೆ ಕೈಗೂಡಿಸುವುದಿಲ್ಲವೆಂದು ಪಣ ತೊಟ್ಟಿದ್ದವು. 2025ರ ಜನವರಿ 29ರಂದು ಕ್ರಿಶ್ಚಿಯನ್ ಡೆಮೊಕ್ರಾಟರ ನಾಯಕ ಫ್ರೀಡ್ರಿಖ್ ಮೆರ್ತ್ಸ್ ಅವರು ವಲಸೆಯನ್ನು ಬಿಗಿಗೊಳಿಸುವ ಗೊತ್ತುವಳಿಯೊಂದನ್ನು ಆ ಪಕ್ಷದ ಮತಗಳ ಬಲದಿಂದಲೇ ಗೆಲ್ಲಿಸಿಕೊಂಡರು. ಬಳಿಕ ಅವರು ಚಾನ್ಸಲರೂ ಆದರು. ಆದರೆ ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಉಗ್ರ ಪಕ್ಷದ ಮತ ಕರಗಲಿಲ್ಲ, 2021ಕ್ಕಿಂತ ಇಮ್ಮಡಿಯಾಯಿತು. ಎದುರಿನ ಹೋಟೆಲಿನ ತಿಂಡಿಯ ಹೆಸರನ್ನು ನಮ್ಮ ಬೋರ್ಡಿನ ಮೇಲೆ ಬರೆದರೆ ಗಿರಾಕಿ ಎತ್ತ ಹೋಗುವನೆಂದು ನಮ್ಮ ವೃತ್ತಿಯವರಿಗೆ ಹೇಳಬೇಕಾಗಿಲ್ಲ. ಇನ್ನೊಂದು ವಿಚಿತ್ರ: ಪರದೇಶಿಯರು ಕಡಿಮೆ ಇರುವ ಪೂರ್ವ ಭಾಗದಲ್ಲಿಯೇ ಆ ಪಕ್ಷಕ್ಕೆ ಹೆಚ್ಚು ಮತ. 2024ರ ಸೆಪ್ಟೆಂಬರಿನಲ್ಲಿ ಥುರಿಂಗಿಯಾ ಪ್ರಾಂತದಲ್ಲಿ ಶೇಕಡಾ 32.8 ಗಳಿಸಿ ಅದು ಪ್ರಥಮ ಸ್ಥಾನಕ್ಕೆ ಬಂದಿತು.

ಗುಜರಾತಿನಲ್ಲಿ ನಮಗೆ ಮುಂಬಯಿಯ ಅನುಭವವಾಗಿಲ್ಲ; ಈ ನಾಡು ನಮ್ಮನ್ನು ಆದರದಿಂದಲೇ ಇರಿಸಿಕೊಂಡಿದೆ. ಆದರೂ 2018ರ ಸೆಪ್ಟೆಂಬರ್ 28ರಂದು ಹಿಮ್ಮತನಗರದ ಬಳಿ ಎಳೆಯ ಮಗುವಿನ ಮೇಲೆ ನಡೆದ ಅತ್ಯಾಚಾರದ ಆರೋಪ ಬಿಹಾರದ ಕೂಲಿಯೊಬ್ಬನ ಮೇಲೆ ಬಂದಾಗ, ಏನನ್ನೂ ಅರಿಯದ ಸಾವಿರಾರು ಹಿಂದಿ ಭಾಷಿಕರು ಗಂಟುಮೂಟೆ ಕಟ್ಟಿ ರೈಲು, ಬಸ್ಸು ಹತ್ತಿದುದನ್ನು ನಾವು ಮರೆಯಬಾರದು.

2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50ನ್ನೂ ಇತರ ಹುದ್ದೆಗಳಲ್ಲಿ 70ನ್ನೂ ಸ್ಥಳೀಯರಿಗೆ ಕಾದಿರಿಸುವ ಮಸೂದೆಯನ್ನು ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿಯಿತು. ಅದನ್ನು ಓದಿ ಇಲ್ಲಿಯ ನಮ್ಮವರಲ್ಲಿಯೂ ಹರ್ಷಪಟ್ಟವರುಂಟು. ಊರಿನ ಹುಡುಗರಿಗೆ ಊರಿನಲ್ಲಿಯೇ ಕೆಲಸ ಸಿಗಲೆಂಬ ಆಸೆ ನಮಗೂ ಇದೆ. ಅದು ಸಿಕ್ಕಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇಲ್ಲಿಗೆ ಬರುತ್ತಿದ್ದೆವು? ಆದರೆ ಗುಜರಾತ್ ಸರಕಾರವೂ 1995ರಲ್ಲಿ ಒಂದು ಆದೇಶ ಹೊರಡಿಸಿದೆ: ಉದ್ಯಮಗಳಲ್ಲಿ ಶೇಕಡಾ 85 ಕೆಲಸ ಸ್ಥಳೀಯರಿಗೆ. ಅದನ್ನು ಅಕ್ಷರಶಃ ನಡೆಸಬೇಕೆಂದು ನಾಳೆ ಯಾವುದಾದರೊಂದು ಪಕ್ಷ ಹಟ ಹಿಡಿದರೆ, ವಟ್ವಾ ಜಿ.ಐ.ಡಿ.ಸಿ.ಯ ಷೆಡ್ಡುಗಳಲ್ಲಿ ಗುಮಾಸ್ತರಾಗಿರುವ ನಮ್ಮವರು ಉಳಿದ ಹದಿನೈದರೊಳಗೆ ಬಿಹಾರಿ, ಒಡಿಯಾ, ಉತ್ತರಪ್ರದೇಶದವರೊಡನೆ ಜಾಗಕ್ಕಾಗಿ ನಿಲ್ಲಬೇಕಾಗುವುದು.