ಮೂಳೆ ಕೂಡುವ ಮೊದಲೇ ರಾಜಿಯೇ?

ಚೆನ್ನೈ ಹೈಕೋರ್ಟ್ ಆವರಣದಲ್ಲಿ ಲೋಕ ಅದಾಲತ್ ಮುಗಿದ ಸಂಜೆ ಎಷ್ಟು ಅಪಘಾತ ಪರಿಹಾರದ ಕೇಸು ಇತ್ಯರ್ಥವಾಯಿತು, ಎಷ್ಟು ಕೋಟಿ ಹಂಚಿಕೆಯಾಯಿತು ಎಂಬ ಲೆಕ್ಕ ಪತ್ರಿಕೆಗಳಿಗೆ ತಲುಪುತ್ತದೆ. ಗಾಯಾಳು ಎಷ್ಟು ಬಿಟ್ಟುಕೊಟ್ಟ ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಸಹಿ ಬಿದ್ದರೆ ಮೇಲ್ಮನವಿಯೂ ಇಲ್ಲ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 149ನೇ ಕಲಮು ರಾಜಿಯ ಇದೇ ಅವಸರವನ್ನು ಕಾನೂನಾಗಿಸಿದೆ. ಪೊಲೀಸರ ವಿವರ ವರದಿಗೆ 90 ದಿನ, ವಿಮಾ ಕಂಪನಿಯ ರಾಜಿ ಪ್ರಸ್ತಾವಕ್ಕೆ 30 ದಿನ. ಪರಿಹಾರದ ಅರ್ಜಿಗೆ 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿ ಆರು ತಿಂಗಳಾಗಿ ಮರಳಿ ಬಂದಿದೆ. ತೊಡೆಯ ಮೂಳೆಗೆ ಮಾತ್ರ ಈ ಯಾವ ಗಡುವೂ ಗೊತ್ತಿಲ್ಲ. ಅದು ಕೂಡಲು ತಿಂಗಳುಗಳು ಬೇಕು, ಒಳಗಿನ ರಾಡು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕುಂದಾಪುರದಿಂದ ಬಂದು ಮೈಲಾಪುರದ ಹೋಟೆಲೊಂದರಲ್ಲಿ ದಿನವಿಡೀ ಕಾವಲಿ ಮುಂದೆ ನಿಂತು ದೋಸೆ ಹುಯ್ಯುವ ಮೂವತ್ತರ ಅಡುಗೆಯವನೊಬ್ಬನನ್ನು ಊಹಿಸಿಕೊಳ್ಳಿ. ಅಪಘಾತದಲ್ಲಿ ಅವನ ತೊಡೆಯ ಮೂಳೆ ಮುರಿದಿದೆ. ತಿಂಗಳ ಸಂಬಳ 15,000. ಈ ವಯಸ್ಸಿಗೆ ವರ್ಷದ ಗಳಿಕೆಯನ್ನು ಗುಣಿಸಲು ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪು ಕೊಟ್ಟ ಗುಣಕ 17. ಕಾಲಿನ ಊನವನ್ನು ಇಡೀ ದೇಹಕ್ಕೆ ಇಳಿಸಿ ಶೇ. 15 ಎಂದು ಕಂಪನಿ ಹಿಡಿದರೆ ಗಳಿಕೆ ನಷ್ಟ 4.59 ಲಕ್ಷ. ನಿಲ್ಲಲಾಗದವನಿಗೆ ಆ ಕೆಲಸವೇ ಇಲ್ಲವಲ್ಲ ಎಂದು ಯೋಚಿಸಿ ಶೇ. 50 ಹಿಡಿದು, ಮುಂದೆ ಏರಬಹುದಾದ ಗಳಿಕೆಗೆಂದು ಶೇ. 40 ಸೇರಿಸಿದರೆ 21.42 ಲಕ್ಷ. ಅದೇ ಕಾಲು, ಅದೇ ಮನುಷ್ಯ.

ಇದು ನನ್ನ ಉದಾರ ಗಣಿತವಲ್ಲ. ಎಡಗೈ ಕಳೆದುಕೊಂಡ ಬಡಗಿ, ಚಾಲಕರ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು, ಸರ್ಕಾರಿ ಗುಮಾಸ್ತನದು ಹಾಗಲ್ಲ ಎಂದು ರಾಜ್‌ಕುಮಾರ್–ಅಜಯ್‌ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಬಲಗಾಲು ಕಳೆದುಕೊಂಡ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಗಳಿಕೆ ನಷ್ಟಕ್ಕೆ ಹೈಕೋರ್ಟ್ ಶೇ. 65 ಹಿಡಿದಿತ್ತು, 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 85ಕ್ಕೆ ಏರಿಸಿತು. ಎದುರುವಾದಿ ಚೆನ್ನೈಯಲ್ಲೇ ಕೇಂದ್ರ ಕಚೇರಿಯಿರುವ ಸರ್ಕಾರಿ ಸ್ವಾಮ್ಯದ ಯುನೈಟೆಡ್ ಇಂಡಿಯಾ ವಿಮಾ ಕಂಪನಿ.

ತಮಿಳುನಾಡಿನಲ್ಲಿ ನಕಲಿ ಅಪಘಾತದ ಕೇಸುಗಳು ಬಯಲಾಗಿವೆಯಲ್ಲ ಎನ್ನುತ್ತಾರೆ ಕಂಪನಿಗಳ ಪರ ಮಾತಾಡುವವರು. ಆಗಿವೆ, ಕಳ್ಳರನ್ನು ಹಿಡಿಯಲಿ. ಆಸ್ಪತ್ರೆಯಲ್ಲಿ ನಿಜವಾಗಿ ಮಲಗಿದವನ ಮೇಲೇಕೆ ಆ ಸಿಟ್ಟು? ಬೇಗ ದುಡ್ಡು ಸಿಗುವುದು ಬೇಡವೇ ಎಂಬ ಇನ್ನೊಂದು ಮಾತಿದೆ, ಅದರಲ್ಲಿ ಹುರುಳಿದೆ. ರಾಜ್ಯದ ‘ನಮ್ಮೈ ಕಾಕ್ಕುಂ 48’ ಯೋಜನೆ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆ. ಆಮೇಲೆ ಹೆಂಡತಿಯ ಬಳೆ ಅಡವಿಗೆ ಹೋಗುತ್ತದೆ. ಬಡ್ಡಿ ಏರುತ್ತಿರುವಾಗ ಎದುರಿಗಿಟ್ಟ ನಾಲ್ಕು ಲಕ್ಷ ದೊಡ್ಡದಾಗಿಯೇ ಕಾಣುತ್ತದೆ. ಇಂಥ ಒಪ್ಪಿಗೆಯನ್ನು ಸ್ವಂತ ಇಚ್ಛೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬ್ರಿಟಿಷರ ಕಾಲದ 1923ರ ಕಾರ್ಮಿಕ ಪರಿಹಾರ ಕಾಯ್ದೆಗೆ ಈ ಅಸಹಾಯಕತೆ ಅರ್ಥವಾಗಿತ್ತು. ಮೊತ್ತ ಸಾಲದು ಎನಿಸಿದರೆ ಒಪ್ಪಂದವನ್ನು ನೋಂದಾಯಿಸದೆ ನಿರಾಕರಿಸುವ ಅಧಿಕಾರವನ್ನು ಅದರ 28ನೇ ಕಲಮು ಆಯುಕ್ತರಿಗೆ ಕೊಟ್ಟಿತ್ತು. ಮೋಟಾರು ವಾಹನ ಕಾಯ್ದೆಯ 149ರಲ್ಲಿ ಅಂಥ ಸಾಲೇ ಇಲ್ಲ. ಗಾಯಾಳು ಒಪ್ಪಿದ ಎಂದರೆ ಪರಿಹಾರ ನ್ಯಾಯಮಂಡಳಿ ಬರೆದುಕೊಳ್ಳಬೇಕು.

ಆ ಸಾಲನ್ನು ಸೇರಿಸಿ. ಅಲ್ಲಿಯವರೆಗೆ ಆದಾಯ, ಗುಣಕ, ಗಳಿಕೆ ನಷ್ಟದ ಪ್ರಮಾಣ, ಮುಂದಿನ ಚಿಕಿತ್ಸೆಯ ಖರ್ಚು ಇವನ್ನು ಗಾಯಾಳುವಿನ ಭಾಷೆಯಲ್ಲಿ ಬರೆಯದ ಪ್ರಸ್ತಾವವನ್ನು ಮಂಡಳಿಗಳು ವಾಪಸು ಕಳಿಸಲಿ. ವೈದ್ಯರು ಊನದ ಪ್ರಮಾಣಪತ್ರ ಕೊಡುವ ತನಕ ಮಧ್ಯಂತರ ಹಣ ಕೊಡಿಸಲಿ, ಅಂತಿಮ ಸಹಿ ಕೇಳದಿರಲಿ.