ಮುರಿದ ಬೆಂಚಿನ ಬೇಸ್ ಗಿಟಾರ್



ಧರ್ಮಕೇಂದ್ರದ ಹಣದ ವಿಷಯದಲ್ಲಿ ನಮ್ಮ ಕೈ ಸ್ವಲ್ಪ ಬಿಗಿ ಎಂದು ಜನ ಆಡಿಕೊಳ್ಳುವುದು ನಮ್ಮ ಕಿವಿಗೂ ಬಿದ್ದಿದೆ. ಸುಳ್ಳೇನಲ್ಲ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗಾಯನ ವೃಂದದ ಮೂವರು ಹುಡುಗರು ಬಂದು, "ಫಾದರ್, ನಮಗೊಂದು ಬೇಸ್ ಗಿಟಾರ್ ಬೇಕಿತ್ತು" ಎಂದಾಗ ಬೆಲೆ ಕೇಳುವ ಮೊದಲೇ ಬೇಡವೆಂದೆವು. ಸೋರುತ್ತಿದ್ದ ಹೆಂಚು ಬದಲಿಸಿ ಆಗಷ್ಟೇ ಪೆಟ್ಟಿಗೆ ಬರಿದಾಗಿತ್ತು. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಅವರು ವಿಚಾರಿಸಿ ಬಂದಿದ್ದ ಅಂಗಡಿಯಲ್ಲಿ ತೀರಾ ಸಾಧಾರಣವಾದದ್ದಕ್ಕೂ 14,000 ರೂಪಾಯಿ. ಅಷ್ಟು ಹಣಕ್ಕೆ ಎಷ್ಟು ಹೆಂಚು ಬರುತ್ತದೆ ಎಂದು ನಾವು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆವು.

ಇಬ್ಬರು ಸುಮ್ಮನೆ ಹೊರಟರು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿಯುವ ಮೂರನೆಯವನು ಬಾಗಿಲಲ್ಲೇ ನಿಂತ. "ನಾವೇ ಮಾಡಿದರೆ ಆಗಬಹುದಾ ಫಾದರ್? ಮರ ಕೊಟ್ಟರೆ ಸಾಕು." ಆಗಲಿ ಎಂದೆವು. ಎರಡು ವಾರದಲ್ಲಿ ಮರೆತುಬಿಡುತ್ತಾರೆ ಎಂಬ ಧೈರ್ಯದಿಂದಲೇ ಹಾಗೆಂದದ್ದು, ಈಗ ಒಪ್ಪಿಕೊಳ್ಳುತ್ತೇವೆ.

ಬೇಸ್ ಗಿಟಾರ್ ಎಂದರೇನೆಂದು ನಮ್ಮ ಹಿರಿಯ ಓದುಗರಿಗೆ ಒಂದು ಮಾತು ಹೇಳಬೇಕು. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಮಾಮೂಲಿ ಗಿಟಾರಿನ ದಪ್ಪ ತಂತಿಗಳು ನಾಲ್ಕಕ್ಕಿಂತ ಒಂದು ಸಪ್ತಕ ಕೆಳಗೆ ಇದರ ಸ್ವರ. ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಹಾಡುವವರಿಗೆ ಇದು ಕಿವಿಗಿಂತ ಹೆಚ್ಚಾಗಿ ಕಾಲಿನಡಿಯ ನೆಲದಲ್ಲಿ ತಿಳಿಯುವ ನಾದ. ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತಾಗ ಹಾಡು ತೆಳ್ಳಗಾಯಿತೇಕೆ ಎನ್ನುತ್ತಾರೆ. ಮೊದಲು ಈ ಕೆಲಸಕ್ಕೆ ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಬೇಕಿತ್ತು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅದನ್ನು ಹೆಗಲಿಗೆ ತೂಗುಹಾಕುವಂತೆ ಮಾಡಿ ಮಾರುಕಟ್ಟೆಗೆ ತಂದರು. ಅವರು ಮೂಲತಃ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಲಗೆಯಿಂದ ಕೊರೆದ ಒಡಲು, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ಕತ್ತು, ಇಷ್ಟೇ ಅವರ ವಿನ್ಯಾಸ. ನಮ್ಮ ಹುಡುಗರಿಗೆ ಇದು ಕೈಗೆಟುಕಿದ್ದು ಆ ಸರಳತೆಯಿಂದಲೇ.

ಇಗರ್ಜಿಯಲ್ಲಿ ಇಂಥದ್ದೆಲ್ಲ ಸರಿಯೇ ಎಂದು ಒಬ್ಬ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. 1903ರಲ್ಲಿ ಹತ್ತನೆಯ ಪಯಸ್ ಜಗದ್ಗುರುಗಳು ದೇವಾಲಯದಲ್ಲಿ ಪಿಯಾನೋವನ್ನೇ ಬೇಡವೆಂದಿದ್ದರು, ಡ್ರಮ್ಮಿನ ಮಾತೇ ಬೇಡ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಕುರಿತ ಶಾಸನದಲ್ಲಿ ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿ, ಪವಿತ್ರ ಬಳಕೆಗೆ ತಕ್ಕಂಥ ಬೇರೆ ವಾದ್ಯಗಳನ್ನೂ ಅಧಿಕಾರವುಳ್ಳವರ ಒಪ್ಪಿಗೆಯಿಂದ ಬಳಸಬಹುದು ಎಂದಿತು. ತಪಸ್ಸುಕಾಲದಲ್ಲಂತೂ ವಾದ್ಯವಿರುವುದು ಹಾಡಿಗೆ ಆಸರೆಯಾಗಲು ಮಾತ್ರ. ಆಸರೆಯೇ ಬೇಸ್ ಗಿಟಾರಿನ ಕಸುಬು ಎಂದೆವು. ಹಿರಿಯರು ಪೂರ್ತಿ ಒಪ್ಪಲಿಲ್ಲ. ಡ್ರಮ್ ಬಂದರೆ ತಾವು ಸಂಜೆಯ ಪೂಜೆಗೆ ಬರುವುದಾಗಿ ಹೇಳಿ ಹೋದರು.

ಸಾಕ್ರಿಸ್ತಿಯ ಹಿಂದಿನ ಕೋಣೆಯಲ್ಲಿ ಕಾಲು ಮುರಿದ ಬೆಂಚೊಂದು ಬಿದ್ದಿತ್ತು. ಹಲಸಿನ ಮರ, ಒಂದೂವರೆ ಇಂಚು ದಪ್ಪ. ವೀಣೆಗೂ ಮೃದಂಗಕ್ಕೂ ಹಲಸೇ ಆಗುವಾಗ ಗಿಟಾರಿಗೆ ಯಾಕಾಗದು? ಹಳೆಯ ಮರಕ್ಕೆ ಇನ್ನೊಂದು ಗುಣವಿದೆ. ನಮ್ಮ ಕಾಸರಗೋಡಿನ ಮಳೆಗೆ ಹಸಿ ಮರ ಉಬ್ಬುತ್ತದೆ, ಬಿಸಿಲಿಗೆ ಸೀಳುತ್ತದೆ. ಈ ಬೆಂಚು ಉಬ್ಬುವುದು, ಕುಗ್ಗುವುದು ಎಲ್ಲವನ್ನೂ ಎಂದೋ ಮುಗಿಸಿತ್ತು. ಕತ್ತಿಗೆ ಹಳೆಯ ಕಿಟಕಿಯೊಂದರ ತೇಗದ ದಾರಂದ ಸಿಕ್ಕಿತು. ಊರಿನ ಆಚಾರಿಯವರು ಬಂದು ಬೆಂಚನ್ನು ತಿರುಗಿಸಿ ನೋಡಿ, "ಫಾದರೇ, ಇದು ನಮ್ಮ ಅಪ್ಪನ ಕೆಲಸ" ಎಂದರು. ಹಾಗೆಂದು ಕೂಲಿ ಬಿಡಲಿಲ್ಲ. ಅರ್ಧ ದಿನಕ್ಕೆ 600 ರೂಪಾಯಿ ಎಣಿಸಿ ತೆಗೆದುಕೊಂಡರು. ಅದು ಸರಿಯೇ, ದುಡಿದವನು ಕೂಲಿಗೆ ಪಾತ್ರನು.

ಇನ್ನು ಮೆಟ್ಟುಗಳ ಲೆಕ್ಕ. ಹುಡುಗರು ಅದನ್ನು ಫ್ರೆಟ್ ಎನ್ನುತ್ತಾರೆ. ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಇದನ್ನು ಯಾವ ಜಾಗದಲ್ಲಿ ಒತ್ತಿದರೆ ಯಾವ ಸ್ವರ? ಇಲ್ಲಿ ನಾವು ನಮ್ಮ ವಿದ್ಯೆಯನ್ನು ಪ್ರದರ್ಶಿಸಿದೆವು. ವಿಜ್ಞಾನಿ ಗೆಲಿಲಿಯೋ ಅವರ ತಂದೆ ವಿಂಚೆನ್ಸೊ ಗೆಲಿಲೈ ಲ್ಯೂಟ್ ವಾದ್ಯಗಾರರು. ಅವರು 1581ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೆಟ್ಟುಗಳಿಗೆ 18ಕ್ಕೆ 17ರ ಪ್ರಮಾಣವನ್ನು ಹೇಳಿದ್ದರು. ಉದ್ದವನ್ನು 18ರಿಂದ ಭಾಗಿಸಿ ಮೊದಲ ಮೆಟ್ಟು, ಉಳಿದದ್ದನ್ನು ಮತ್ತೆ 18ರಿಂದ ಭಾಗಿಸಿ ಎರಡನೆಯದು, ಹೀಗೆ. ಸೆಮಿನರಿಯಲ್ಲಿ ಓದಿದ್ದನ್ನು ಎರಡು ದಶಕ ನೆನಪಿಟ್ಟಿದ್ದೇವೆಂಬ ಹೆಮ್ಮೆ ಬೇರೆ. ಐಟಿಐ ಹುಡುಗ ಮೊಬೈಲಿನಲ್ಲಿ ಹನ್ನೆರಡು ಬಾರಿ ಭಾಗಿಸಿ ನೋಡಿ, "ಇಲ್ಲ ಫಾದರ್, ಸಪ್ತಕ ಸರಿ ಬರುವುದಿಲ್ಲ" ಎಂದ. ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ, 432 ಮಿಲಿಮೀಟರಿನಲ್ಲಿ ಬೀಳಬೇಕು. ನಮ್ಮ ಲೆಕ್ಕದಲ್ಲಿ 3 ಮಿಲಿಮೀಟರ್ ಹಿಂದೆಯೇ ನಿಲ್ಲುತ್ತಿತ್ತು. ಭಾಗಿಸಬೇಕಾದ ಸಂಖ್ಯೆ 17.817. ಆಗ ಮೊದಲ ಮೆಟ್ಟು 48.5 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದರಿಂದ ಮರ ಉಳಿಯಿತು. ನಮ್ಮ ಹೆಮ್ಮೆಯ ವಿಷಯ ಬಿಡಿ.

ಸೇತುವೆಗೆ, ಅಂದರೆ ಒಡಲಿನ ಮೇಲೆ ತಂತಿಗಳನ್ನು ಕಟ್ಟುವ ಲೋಹದ ತುಂಡಿಗೆ, ಗ್ರಿಲ್ ಮಾಡುವವರ ಅಂಗಡಿಯಲ್ಲಿ ಬಿದ್ದಿದ್ದ ಆಂಗಲ್ ಮತ್ತು ನಾಲ್ಕು ಬೋಲ್ಟು. ಕತ್ತಿನ ತುದಿಯಲ್ಲಿ ತಂತಿ ಕೂರಲು ಒಂದು ಎಲುಬಿನ ತುಂಡು. ಅದು ನಮ್ಮದೇ ಅಡುಗೆಮನೆಯ ಭಾನುವಾರದ ಸಾರಿನಿಂದ ಬಂದದ್ದು. ಬಿರಡೆಗಳನ್ನು ಕೊಳ್ಳಲೇಬೇಕಾಯಿತು, ತಂತಿಗಳನ್ನೂ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮುಂದೆ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ಹಳೆಯ ಫ್ಯಾನಿನ ತಾಮ್ರದ ತಂತಿಯಿಂದ ಸುತ್ತಲು ನೋಡಿದರು. ಅದು ಬಹಳ ದಪ್ಪ, ಸಾಕಷ್ಟು ಸುತ್ತು ಹಿಡಿಸಲಿಲ್ಲ, ದನಿ ಪಿಸುಗುಟ್ಟಿದ ಹಾಗೆ ಬಂತು. ಕೊನೆಗೆ 900 ರೂಪಾಯಿಯ ಸಿದ್ಧ ಪಿಕಪ್ ತಂದರು.

ಎಲ್ಲಿ ಉಳಿಸಬಾರದಿತ್ತೋ ಅಲ್ಲಿ ಉಳಿಸಿದವರು ನಾವು. ಕತ್ತಿನೊಳಗೆ ಒಂದು ಉಕ್ಕಿನ ಸರಳು ಕೂರಿಸಬೇಕು, 550 ರೂಪಾಯಿ ಎಂದಾಗ, "ತೇಗಕ್ಕೆ ಯಾಕಪ್ಪಾ ಸರಳು?" ಎಂದು ತೆಗೆದುಹಾಕಿಸಿದೆವು. ನಾಲ್ಕು ತಂತಿ ಬಿಗಿದಾಗ ಕತ್ತಿನ ಮೇಲೆ ಬೀಳುವ ಎಳೆತ ಸುಮಾರು 75-80 ಕಿಲೋ, ಒಂದೂವರೆ ಮೂಟೆ ಅಕ್ಕಿಯಷ್ಟು. ಒಂದು ವಾರದಲ್ಲಿ ತೇಗ ಬಿಲ್ಲಿನಂತೆ ಬಾಗಿತು. ತಂತಿಗೂ ಮರಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ. ಆಚಾರಿಯವರು ಮತ್ತೆ ಅರ್ಧ ದಿನ ಬಂದು, ಕತ್ತಿನ ಬೆನ್ನನ್ನು ಕೊರೆದು, ಸರಳು ಇಟ್ಟು, ಮೇಲೆ ಹಲಸಿನ ಪಟ್ಟಿ ಮುಚ್ಚಿದರು. ಕಂದು ತೇಗದ ಬೆನ್ನಿನ ಮೇಲೆ ಆ ಹಳದಿ ಗೆರೆ ಈಗಲೂ ಚಂದ ಕಾಣುತ್ತದೆ. 550 ಉಳಿಸಹೋಗಿ 600 ಕೂಲಿ ಕೊಟ್ಟೆವು, ಸರಳಿಗೂ ಕೊಟ್ಟೆವು.

ಆಂಪ್ಲಿಫೈಯರ್ ಒಬ್ಬ ಕುಟುಂಬದವರು ದಾನ ಕೊಟ್ಟ ಹಳೆಯದು. ಮೊದಲ ಸಲ ಹಚ್ಚಿದಾಗ ಹಾಡಿಗಿಂತ ಗುಂಯ್ ಎಂಬ ಸದ್ದೇ ಜೋರು. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ದಪ್ಪ ತಂತಿಯ ಮೂರನೆಯ ಮೆಟ್ಟಿನ ಸ್ವರ 49. ಹಾಗಾಗಿ ಯಾರೂ ಮುಟ್ಟದಿದ್ದರೂ ವಾದ್ಯ ತನ್ನಷ್ಟಕ್ಕೆ ಒಂದು ಸ್ವರ ಹಿಡಿದು ಕೂತ ಹಾಗೆ! ಹುಡುಗ ಒಡಲಿನ ಒಳಗಿನ ಗುಳಿಗೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದ, ಅದನ್ನೂ ಸೇತುವೆಯನ್ನೂ ವಯರಿನಿಂದ ಜ್ಯಾಕಿನ ನೆಲದ ತುದಿಗೆ ಸೇರಿಸಿದ. ನುಡಿಸುವವನ ಕೈ ತಂತಿಯನ್ನು ಮುಟ್ಟಿದೊಡನೆ ಗುಂಯ್ ಅಡಗಿತು. ವಿದ್ಯುತ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ. ಇದರಿಂದ ತಂತಿಗಳು ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ ಜೋಡಿಸಲ್ಪಡುತ್ತವೆ. ಪೆಟ್ಟಿಗೆ ಭೂಮಿಗೆ ಜೋಡಿಸಲ್ಪಟ್ಟಿದ್ದರೆ ಅದರಿಂದ ಬರುವ ಭಯ ಕಡಿಮೆ.

ವಾರ್ಷಿಕ ಹಬ್ಬದ ಮುನ್ನಾದಿನ, ಜನವರಿಯ ಒಂದು ಸಂಜೆ. ಅಭ್ಯಾಸ ನಡೆಯುತ್ತಿತ್ತು. ನಾವು ಪೀಠದ ಹೂವು ನೋಡುತ್ತ ನಿಂತಿದ್ದೆವು. ಬೇಸ್ ನುಡಿಸುತ್ತಲೇ ಹಾಡಲು ಹುಡುಗ ಮೈಕಿನತ್ತ ಬಾಗಿದ. ತುಟಿ ಮೈಕಿಗೆ ತಾಗಿದ್ದೇ ತಡ, ಹಿಂದಕ್ಕೆ ಎಸೆದಂತೆ ಬಿದ್ದ. ಗಿಟಾರ್ ಕುರ್ಚಿಗೆ ಬಡಿಯಿತು. ಬಾಲಕಿಯರು ಕಿರುಚಿದರು. ನಾವು ಓಡಿ ಹೋಗುವಷ್ಟರಲ್ಲಿ ಅವನೇ ಎದ್ದು ಕೂತಿದ್ದ, ತುಟಿ ಬಿಳಿಚಿತ್ತು. "ಯಾರೂ ಮುಟ್ಟಬೇಡಿ, ಮೊದಲು ಸ್ವಿಚ್ ತೆಗೆಯಿರಿ" ಎಂದ. ಸ್ವಲ್ಪ ನೀರು ಕುಡಿದು ಮೀಟರ್ ತಂದ. ಯಾರೂ ಹತ್ತಿರ ಬರದಂತೆ ಹೇಳಿ, ಸ್ವಿಚ್ ಹಾಕಿ ತಂತಿಗೂ ಮೈಕಿಗೂ ನಡುವೆ ಅಳೆದು ನಮಗೆ ತೋರಿಸಿದ: 110 ವೋಲ್ಟ್.

ಗಿಟಾರಿನ ತಪ್ಪು ಎಂದೇ ನಾವು ಭಾವಿಸಿದೆವು. ಮನೆಯಲ್ಲಿ ಮಾಡಿದ್ದಲ್ಲವೇ? ಬಾಯಿಗೂ ಬಂತು. ಅವನು ಏನೂ ಹೇಳದೆ ಗಾಯನ ವೃಂದದ ಹಿಂದಿನ ಪ್ಲಗ್ ಬಿಚ್ಚಿದ. ಮೂರು ತೂತು, ಒಳಗೆ ಎರಡೇ ವಯರು. ಮೇಲಿನ ದೊಡ್ಡ ತೂತಿಗೆ ಏನೂ ಇಲ್ಲ. ಹಳೆಯ ಆಂಪ್ಲಿಫೈಯರಿನ ಒಳಗಿಂದ ಸೋರಿದ ವಿದ್ಯುತ್ತಿಗೆ ಭೂಮಿಗೆ ಇಳಿಯಲು ದಾರಿಯೇ ಇರಲಿಲ್ಲ. ಅದು ಪೆಟ್ಟಿಗೆಯಲ್ಲಿ, ಪೆಟ್ಟಿಗೆಯಿಂದ ತಂತಿಯಲ್ಲಿ ಕಾದು ನಿಂತಿತ್ತು. ಮೈಕ್ ಬೇರೆ ಕಡೆಯ, ಅರ್ಥಿಂಗ್ ಇದ್ದ ಹಳೆಯ ಪ್ಲಗ್ಗಿನದು. ಎರಡರ ನಡುವೆ ಹುಡುಗನ ಕೈಯಿಂದ ತುಟಿಯವರೆಗಿನ ಮೈ ದಾರಿಯಾಯಿತು.

ಆ ಪ್ಲಗ್ಗುಗಳನ್ನು ಎರಡು ವರ್ಷದ ಹಿಂದೆ ಹಾಕಿಸಿದವರು ನಾವೇ. ಕಪಾಟಿನಿಂದ ಹಳೆಯ ಅಂದಾಜು ಪಟ್ಟಿ ತೆಗೆದು ನೋಡಿದೆವು. ಅರ್ಥಿಂಗ್ ಎಂಬ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ನಮ್ಮ ಸಹಿ. ಸದ್ಯಕ್ಕೆ ಬೇಡ ಎಂದು ನಮ್ಮ ಕೈಬರಹದಲ್ಲೇ ಬರೆದಿತ್ತು. ಪ್ರತಿ ಭಾನುವಾರ ಪುಟ್ಟ ಮಕ್ಕಳು ಆ ಪ್ಲಗ್ಗುಗಳ ಪಕ್ಕದಲ್ಲೇ ಕೂರುತ್ತಾರೆ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಬ್ಬದ ಪೂಜೆಗೆ ಮುಂಚೆ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಮುಂದೆ ವಿಷಯ ಹೇಳಿದೆವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಾ ಕುಡಿಯಿರಿ ಫಾದರ್" ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಹಬ್ಬಕ್ಕೆ ಹಾರ್ಮೋನಿಯಂ ಒಂದೇ. ಮರುದಿನವೇ ಕೆಲಸ ಶುರು ಮಾಡಿಸಿದೆವು. ಹೊಸ ಅರ್ಥಿಂಗ್ ಗುಂಡಿ, ಎಲ್ಲ ಪ್ಲಗ್ಗಿಗೂ ಮೂರನೆಯ ವಯರು, 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿತಗೊಳಿಸುವ ಆರ್‌ಸಿಸಿಬಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಗುಂಡಿಗೆ ಆಗಾಗ ನೀರು ಹೊಯ್ಯಬೇಕು, ಅದನ್ನು ಗುರ್ಕಾರರಿಗೆ ವಹಿಸಿದ್ದೇವೆ. ಹಳೆಯ ಆಂಪ್ಲಿಫೈಯರ್ ರಿಪೇರಿಯಾಗಿ ಬಂತು. ಒಟ್ಟು 21,500 ರೂಪಾಯಿ. ಗಿಟಾರಿಗೆ ಆದದ್ದು ಕೂಲಿ 1,200, ತಂತಿ 1,700, ಬಿರಡೆ 1,000, ಪಿಕಪ್ 900, ಸರಳು 550, ಮೆಟ್ಟಿನ ಲೋಹ 400, ಚಿಲ್ಲರೆ 250; ಕೂಡಿಸಿದರೆ 6,000.

ಎರಡು ವಾರದ ಬಳಿಕ ಭಾನುವಾರ ಕಾಣಿಕೆಯ ಹಾಡಿಗೆ ಅದು ಮೊದಲ ಸಲ ನುಡಿಯಿತು. ಆಚಾರಿಯವರು ಹಿಂದಿನ ಬಾಗಿಲ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ಕೇಳಿದರು. ಪೂಜೆ ಮುಗಿದ ಮೇಲೆ ಕತ್ತನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, "ನೆಟ್ಟಗಿದೆ" ಎಂದಷ್ಟೇ ಹೇಳಿ ಹೋದರು.

ಪಾಲನಾ ಮಂಡಳಿಯ ಸಭೆಯಲ್ಲಿ ಖಜಾಂಚಿಯವರು ವಯರಿಂಗ್ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯಲಿ ಎಂದು ಕೇಳಿದರು. "ಗಿಟಾರಿನ ಲೆಕ್ಕಕ್ಕೆ ಬರೆಯಿರಿ" ಎಂದೆವು. ಪುಸ್ತಕದಲ್ಲಿ ಈಗ ಹಾಗೇ ಇದೆ: ಬೇಸ್ ಗಿಟಾರ್, ಒಂದು, 27,500 ರೂಪಾಯಿ.